ಮೂಸಿ ಬಿಡುವ ಕಾವಲು

ಹೊಂಗೆ ಹೂವಿನ ಪುಡಿ ಮೆತ್ತಿಕೊಂಡ ಕಡಜವೊಂದು ಜೇನುಗೂಡಿಗೆ ನುಗ್ಗಿ ನೂರು ಮರಿಗಳನ್ನು ಕೊಂದಿತು. ಅಂದಿನಿಂದ ಹೊಂಗೆ ವಾಸನೆಯವರಿಗೆ ಬಾಗಿಲು ಬಂದ್. ಮುಂದಿನ ಕಡಜ ಬೇವಿನ ವಾಸನೆ ಹೊತ್ತು ಬಂತು, ಬೇವಿಗೂ ನಿಷೇಧವಾಯಿತು. ಹೀಗೇ ಕಾಡಿನ ಹೂಗಳೆಲ್ಲ ನಿಷೇಧದ ಪಟ್ಟಿ ಸೇರಿದವು.

"ಅಕ್ಕಾ, ನೀನೇ ತುತ್ತಿಟ್ಟು ಬೆಳೆಸಿದವಳು ನಾನು. ಮರಿಗಳಿಗೆ ಜೇನು ತಂದಿದ್ದೇನೆ, ಒಳಗೆ ಬಿಡು" ಎಂದು ಜೇನ್ನೊಣವೊಂದು ಬಾಗಿಲ ಕಾವಲಿನ ನೊಣವನ್ನು ಬೇಡಿತು.

"ನಿನ್ನ ದನಿ ಗುರುತಿದೆ ತಂಗಿ. ಆದರೆ ನಿನ್ನ ಮೈಗೆ ಹೂವಿನ ವಾಸನೆ ಇದೆ" ಎಂದ ಕಾವಲಿನ ನೊಣ ಅದನ್ನು ಕುಟುಕಿ ಕೆಡವಿತು.

ಒಳಗೆ ಮರಿಗಳು ಹಸಿದು ಒಂದೊಂದಾಗಿ ಸುಮ್ಮನಾಗುತ್ತಿದ್ದವು. ಅಷ್ಟರಲ್ಲಿ ಇನ್ನೊಂದು ಕಡಜ ಬಂತು. ಕಾವಲಿನ ನೊಣ ಅದರ ಮೈಯೆಲ್ಲ ಮೂಸಿತು. ಯಾವ ಹೂವಿನ ವಾಸನೆಯೂ ಇರಲಿಲ್ಲ.

"ತಡೆದದ್ದಕ್ಕೆ ಕ್ಷಮಿಸಿ, ಒಳಗೆ ಹೋಗಿ" ಎಂದು ದಾರಿ ಬಿಟ್ಟಿತು.