ಜಪಮಾಲಮ್ಮನ ಹಸು ಗುಂಡಿಗೆ ಬಿದ್ದದ್ದು

ಎಲೆಯಡಿಕೆ ಬಾಯಲ್ಲಿದ್ದರೆ ಉಗಿದು ಬಂದು ಕೂತ್ಕೊಳ್ಳಿ, ನಗುವಾಗ ಗಂಟಲಿಗೆ ಸಿಕ್ಕೀತು.

ಚರ್ಚಿನ ಹಿಂದಿನ ಕೇರಿಯಲ್ಲಿ ಜಪಮಾಲಮ್ಮ ಅಂತ ಒಬ್ಬ ವಿಧವೆ. ಹೆಸರು ಜಪಮಾಲೆ, ನಾಲಿಗೆ ಕುಡುಗೋಲು. ಗಂಡ ಸತ್ತ ದಿನವೂ ನೆರೆಮನೆಯಲ್ಲಿ ಬೆಂಕಿಪೊಟ್ಟಣ ಕೇಳಿದವಳಲ್ಲ. "ಕೇಳೋ ಬಾಯಿಗೆ ಹುಳ ಬೀಳಲಿ!" ಅನ್ನೋಳು. ಅವಳಿಗಿದ್ದದ್ದು ಕೆಂಪಿ ಅನ್ನೋ ಗಬ್ಬದ ಹಸು, ಇನ್ನಾಸಿ ಅನ್ನೋ ಪೆದ್ದ ಮಗ. ಹಸುವಿಗೆ ಬುದ್ಧಿ ಇತ್ತು.

ಒಂದು ಬೆಳಿಗ್ಗೆ ಆ ಬುದ್ಧಿವಂತ ಹಸುವೇ ಹಿತ್ತಲ ಗುಂಡಿಗೆ ಬಿತ್ತು! ಹೊಟ್ಟೆಮಟ್ಟ ಕೆಸರು. ತಾಯಿಮಗ ಬಾಲ ಹಿಡಿದರು, ಕೊಂಬು ಹಿಡಿದರು. ಅದು ಇನ್ನೂ ಕುಸಿಯಿತು.

"ಹೋಗೋ, ಪಕ್ಕದ ಚೌರಪ್ಪನ ಮನೆಯಿಂದ ಹಗ್ಗ ತಗೊಂಡ್ ಬಾ. ಯಾತಕ್ಕೆ ಅಂತ ಬಾಯಿ ಬಿಟ್ಟೀಯ, ಜೋಕೆ!"

ಇನ್ನಾಸಿ ಬಾಯಿ ಬಿಡಲೇ ಇಲ್ಲ. ತುಟಿ ಬಿಗಿದುಕೊಂಡು ಹೋದ, ಹಗ್ಗ ಬಿಚ್ಚಿದ, ಎಳ್ಕೊಂಡು ಬಂದ. ಹಗ್ಗದ ತುದಿಗೆ ಚೌರಪ್ಪನ ಹೋತ! ಹೋತದ ಹಿಂದೆ ಚೌರಪ್ಪ! "ಕಳ್ಳ! ಕಳ್ಳ!" ಬೀದಿಬಾಗಿಲಲ್ಲೇ ಎರಡನ್ನೂ ಕಿತ್ಕೊಂಡು ಹೋದ. ಯಾಕೆ ಬೇಕಿತ್ತು ಅಂತ ಅವನು ಕೇಳಲಿಲ್ಲ, ಇವಳು ಹೇಳಲಿಲ್ಲ. ಬಿಗುಮಾನ!

"ಅಯ್ಯೋ ಮಂಕೇ! ಉಪದೇಶಿ ಮನೆಗೆ ಹೋಗು! ಮೊದಲು ಕದ ತಟ್ಟಬೇಕು ಕಣೋ! ತೆಗೆಯೋವರೆಗೂ ತಟ್ಟಬೇಕು!"

"ಹೂಂ ಕಣವ್ವ."

ಮಕ್ಕಳಿಗೆ ಜಪ ಕಲಿಸೋ ಉಪದೇಶಿ ಅರುಳಪ್ಪ ಬಾಗಿಲು ತೆರೆದಿಟ್ಟು ಹೊಸ್ತಿಲ ಮೇಲೆ ಗಡ್ಡ ಕೆರ್ಕೋತಾ ಕೂತಿದ್ದ. ಇನ್ನಾಸಿ ಅವನನ್ನು ಒಳಕ್ಕೆ ತಳ್ಳಿದ, ಕದ ಎಳೆದ, ದಬದಬ ತಟ್ಟಿದ.

"ಯಾವನೋ ಅದು!" ಅರುಳಪ್ಪ ಕದ ತೆಗೆದ.

"ತೆಗೆದ್ರಾ? ಸರಿ, ಬತ್ತೀನಿ," ಅಂತ ಮನೆಗೆ ಬಂದುಬಿಟ್ಟ!

ಅವ್ವ ಹಣೆ ಚಚ್ಕೊಂಡಳು. ಕೆಸರು ಕೆಂಪಿಯ ಪಕ್ಕೆ ಮುಟ್ಟಿತ್ತು, ಅದು ಕಣ್ಣು ತೇಲಿಸುತ್ತಿತ್ತು. ಜಪಮಾಲಮ್ಮ ತಾನೇ ಗುಂಡಿಗಿಳಿದು ಅದರ ಕತ್ತು ಎತ್ತಿ ಹಿಡಿದಳು. ಆದರೂ ತಾನು ಕೇಳೋಕೆ ಹೋದಳಾ? ಊಹೂಂ!

"ಒಬ್ಬೊಬ್ಬರ ಮನೆ ಬೇಡ ಮುಂಡೇದೇ! ಊರಿಗೂರೇ ಓಡಿ ಬರೋ ಹಂಗೆ ಕರಿ!"

ಇನ್ನಾಸಿ ಯೋಚಿಸಿದ. ಪೂಜೆಯ ಗಂಟೆ ಹೊಡೆದರೆ ಅರ್ಧ ಊರು ಮಗ್ಗುಲು ಬದಲಾಯಿಸುತ್ತೆ. ಸಾವಿನ ಗಂಟೆ ಹೊಡೆದರೆ? ಒಬ್ಬರೂ ಕೂರಲ್ಲ! ನೇರ ಚರ್ಚಿಗೆ ಹೋಗಿ ಸಾವಿನ ಗಂಟೆಯನ್ನೇ ಬಿಟ್ಟು ಬಿಟ್ಟು ಹೊಡೆದ. ಢಣ್... ಢಣ್...

"ಯಾರ ಮನೇದೋ?" ಫಾದರು ಓಡಿ ಬಂದರು.

"ನಮ್ಮನೇದು ಸ್ವಾಮಿ!"

ಬಂತಲ್ಲ ಊರು! ಶವಪೆಟ್ಟಿಗೆ ಇಳಿಸೋ ಹಗ್ಗ, ಗುಣಿ ತೋಡೋ ಸಲಿಕೆ ಗುದ್ದಲಿ, ಮುಂದೆ ಶಿಲುಬೆ. ಎಲ್ಲರಿಗಿಂತ ಜೋರಾಗಿ ಅಳ್ತಾ ಚೌರಪ್ಪ: "ಎಂಥಾ ಹೆಂಗಸು! ಚಿನ್ನ, ಚಿನ್ನ!"

ಕತ್ತಿನವರೆಗೆ ಕೆಸರಾದ ಜಪಮಾಲಮ್ಮ ಗುಂಡಿಯಿಂದ ಎದ್ದಳು. "ಯಾರೋ ಸತ್ತದ್ದು?"

"ನೀನೇ ಕಣಮ್ಮ!" ಅಂದಿತು ಊರು.

ಫಾದರು ಗುಂಡಿಯಲ್ಲಿದ್ದ ಹಸು ನೋಡಿ ಉಸಿರು ಬಿಟ್ಟರು. "ಒಂದು ಮಾತು ಕೇಳಿದ್ದರೆ ಸಾಯೋ ಗಂಟೆ ಯಾಕಮ್ಮ ಬೇಕಿತ್ತು?"

"ದೇವರತ್ರ ದಿನಾ ಕೇಳ್ತೀನಿ ಸ್ವಾಮಿ. ಚೌರಪ್ಪನತ್ರ ಕೇಳಲ್ಲ!"

"ಈ ಕೇರಿಯಲ್ಲಿ ದೇವರಿಗೂ ಇರೋದು ಚೌರಪ್ಪನ ಕೈಯೇ ಕಣಮ್ಮ."

ಚೌರಪ್ಪ ಆಗಲೇ ಗುಂಡಿಗೆ ಇಳಿದಿದ್ದ. ಸಲಿಕೆಯವರು ಇಳಿಜಾರು ಕಡಿದರು, ಹೊಟ್ಟೆಗೆ ಹಗ್ಗ ಹಾಕಿ ಎಳೆದರು. ಕೆಂಪಿ ಮೇಲೆ ಬಂತು!

ಜಪಮಾಲಮ್ಮನಿಗೆ ಉಪಕಾರ ಅನ್ನೋಕೆ ನಾಲಿಗೆ ಹೊರಳಲಿಲ್ಲ. "ಬಂದವರನ್ನ ಬರಿಗೈಲಿ ಕಳಿಸಬೇಡ್ವೋ," ಅಂತ ಮಗನಿಗೆ ಗೊಣಗಿ ಮೈ ತೊಳೆಯೋಕೆ ಹೋದಳು. ಬಂದು ನೋಡ್ತಾಳೆ, ಕೆಂಪಿಯೇ ಇಲ್ಲ!

"ಎಲ್ಲರ ಕೈಲೂ ಸಲಿಕೆ, ಹಗ್ಗ ಇತ್ತವ್ವ. ಚೌರಪ್ಪನದೊಂದೇ ಬರಿಗೈ. ಕೆಂಪೀನ ಹಿಡಿಸಿ ಕಳಿಸಿದೆ!"

ಜಪಮಾಲಮ್ಮ ಸೆರಗು ಬಿಗಿದಳು. ಬೀದಿಯ ನಡುವೆ ನಿಂತು, ಕೇರಿಗೆ ಕೇರಿಯೇ ನೋಡ್ತಿರುವಾಗ ಕೂಗಿದಳು:

"ಲೋ ಚೌರಪ್ಪಾ! ಹೂಂ, ಕೇಳ್ತಾ ಇದೀನಿ! ಏನೀಗ? ನನ್ನ ಹಸು ಕೊಡೋ!"