ಕ್ಯಾಂಟೀನಿನ ತಗಡು ದಾಟಿದ ಮೇಲೆ

ಒಳ್ಳೆಯ ಪೈಲಟ್ ಒಂದೇ ಸಲಕ್ಕೆ ವಿಮಾನ ಇಳಿಸುತ್ತಾನೆ, ಕ್ಯಾಪ್ಟನ್ ಅರಸ್ ಅವರಂತೂ ಇಳಿಯಲು ಬಂದ ವಿಮಾನವನ್ನು ಜೀವಮಾನದಲ್ಲಿ ಒಮ್ಮೆಯೂ ಮತ್ತೆ ಮೇಲಕ್ಕೆ ಎತ್ತಿದವರಲ್ಲ ಎಂದು ಆ ಶಾಲೆಯಲ್ಲಿ ಎಲ್ಲರೂ ನಂಬಿದ್ದರು.

ಕ್ಯಾಪ್ಟನ್ ಅರಸ್ ಪರೀಕ್ಷಕರು. ಆಗೊಮ್ಮೆ ಈಗೊಮ್ಮೆ ಬಂದು, ಕೊನೆಯ ಹಾರಾಟದ ಪರೀಕ್ಷೆ ಮಾಡಿ, ಹೆಚ್ಚು ಮಾತಾಡದೆ ಹೋಗುತ್ತಿದ್ದರು. ಈ ಮಾತು ನಿಜವೇ ಎಂದು ಯಾರೂ ಅವರನ್ನು ಕೇಳಿರಲಿಲ್ಲ. ನಂಬಿಕೆಯನ್ನು ಕೇಳಿ ಖಚಿತಪಡಿಸಿಕೊಳ್ಳುವ ಅಭ್ಯಾಸ ಯಾವ ಶಾಲೆಯಲ್ಲೂ ಇಲ್ಲ.

ಶಾಲೆ ಎಂದರೆ ವಿಮಾನ ಹಾರಿಸಲು ಕಲಿಸುವ ಶಾಲೆ. ಬಯಲುಸೀಮೆಯ ಒಂದು ಊರಿನ ಆಚೆ ಒಂದು ರನ್‌ವೇ, ಒಂದು ಹ್ಯಾಂಗರ್, ಎರಡು ಸಣ್ಣ ವಿಮಾನ. ಎರಡರಲ್ಲಿ ಒಂದು ಸದಾ ಹೊಟ್ಟೆ ಬಿಚ್ಚಿಕೊಂಡು ಬಿಡಿಭಾಗಕ್ಕಾಗಿ ಕಾಯುತ್ತಿತ್ತು. ಸೇರಿದ ದಿನ ಹುಡುಗರು ಕಪ್ಪು ಕನ್ನಡಕ ಹಾಕಿ ಅದರ ಮುಂದೆಯೇ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಪೈಲಟ್ ಆಗುವುದೆಂದರೆ ಬಹುಪಾಲು ಕಾಯುವುದು ಎಂದು ಆಮೇಲೆ ತಿಳಿಯುತ್ತಿತ್ತು. ಮೊದಲು ಕಣ್ಣು, ಕಿವಿ, ಹೃದಯ ಸರಿಯಿದೆ ಎಂದು ಡಾಕ್ಟರು ಬರೆದುಕೊಡಬೇಕು. ಆಮೇಲೆ ಹವಾಮಾನ, ದಿಕ್ಕು-ದಾರಿ, ವಿಮಾನಯಾನದ ಕಾನೂನು, ಎಂಜಿನ್ನು, ರೇಡಿಯೋದಲ್ಲಿ ಮಾತಾಡುವ ಬಗೆ. ಒಂದೊಂದಕ್ಕೂ ಒಂದು ಪರೀಕ್ಷೆ. ನಡುವೆ ಹಾರಾಟ. ಮೊದಲು ಶಿಕ್ಷಕರ ಜೊತೆ, ಆಮೇಲೆ ಒಬ್ಬನೇ, ಆಮೇಲೆ ಊರಿಂದ ಊರಿಗೆ. ಇನ್ನೂರು ಗಂಟೆ ತುಂಬಬೇಕು. ಗಾಳಿ ಎದ್ದರೆ ಹಾರಾಟವಿಲ್ಲ, ಮೋಡ ಕವಿದರೆ ಇಲ್ಲ, ಶಿಕ್ಷಕರಿಗೆ ಜ್ವರ ಬಂದರೂ ಇಲ್ಲ. ಎಲ್ಲ ಮುಗಿದ ಮೇಲೆ ಪರೀಕ್ಷಕರು ಪಕ್ಕದಲ್ಲಿ ಕೂತು ನೋಡುತ್ತಾರೆ. ಪಾಸಾದರೆ ಲೈಸೆನ್ಸ್. ಲೈಸೆನ್ಸ್ ಬಂದ ಮೇಲೆ ದೊಡ್ಡ ವಿಮಾನವನ್ನು ಮತ್ತೆ ಮೊದಲಿನಿಂದ ಕಲಿಯಬೇಕು. ಇದನ್ನು ಸೇರುವಾಗ ಯಾರೂ ಹೇಳುವುದಿಲ್ಲ. ಹೇಳಿದರೂ ಕಪ್ಪು ಕನ್ನಡಕ ಹಾಕಿದವರು ಕೇಳುವುದಿಲ್ಲ.

ಇಷ್ಟೊಂದು ಕಾಯುವ ಜನ ಒಂದೆಡೆ ಕೂತರೆ ಏನಾದರೊಂದು ಆಟ ಹುಟ್ಟಲೇಬೇಕು. ಅಲ್ಲಿ ಹುಟ್ಟಿದ್ದು ಮಿರ್ಚಿ ದಂಡ.

ರನ್‌ವೇ ಪಕ್ಕದ ತಂತಿಬೇಲಿಗೆ ಅಂಟಿಕೊಂಡಂತೆ ಶಿವಕ್ಕನ ಕ್ಯಾಂಟೀನ್ ಇತ್ತು. ನಾಲ್ಕು ಕಂಬ, ಮೇಲೆ ತಗಡು, ಕೆಳಗೆ ಬೆಂಚು. ಹಾರುವ ಸರದಿ ಬರದವರೆಲ್ಲ ಅಲ್ಲಿ ಕೂತು, ಹಾರುತ್ತಿದ್ದವರು ಹೇಗೆ ಇಳಿಸುತ್ತಾರೆಂದು ನೋಡುತ್ತಿದ್ದರು. ಇಳಿಯಲು ಬಂದ ವಿಮಾನ ನೆಲ ಮುಟ್ಟದೆ ಮತ್ತೆ ಮೇಲೇರಿ ಒಂದು ಸುತ್ತು ಹಾಕಲು ಹೊರಟಿತೋ, ಇಡೀ ಬೆಂಚು ಎದ್ದು ನಿಂತು ಕೂಗುತ್ತಿತ್ತು: "ಎಣ್ಣಿ ಇಡು ಯಕ್ಕಾ!" ಶಿವಕ್ಕ ಬಾಣಲೆ ಏರಿಸುತ್ತಿದ್ದಳು. ಇಳಿದು ಬಂದವನು ಎಲ್ಲರಿಗೂ ಮಿರ್ಚಿ ಭಜಿ ತಿನ್ನಿಸಬೇಕು. ಇದನ್ನು ಶುರು ಮಾಡಿದವರು ಯಾರೋ ಗೊತ್ತಿಲ್ಲ. ಬಹುಶಃ ತಮಾಷೆಗೆ ಮಾಡಿದ್ದು. ಬಂದವರಿಗೆಲ್ಲ ಅದು ಕಾನೂನಿನಂತೆ ಕಂಡಿತು.

ಹಿರಿಯ ಶಿಕ್ಷಕ ಕ್ಯಾಪ್ಟನ್ ಮಸ್ಕರೇನ್ಹಸ್ ಪ್ರತಿಯೊಂದು ತಂಡಕ್ಕೂ ಒಂದು ನಿಯಮ ಹೇಳುತ್ತಿದ್ದರು. "ನೋಡಿ ಮಾರಾಯ್ರೆ, ಕ್ಯಾಂಟೀನಿನ ತಗಡು ದಾಟುವಾಗ ಗಾಲಿ ನೆಲದಲ್ಲಿರ್ಬೇಕು. ಇಲ್ಲದಿದ್ರೆ ಎತ್ತಿ. ಆಲೋಚನೆ ಮಾಡ್ಲಿಕ್ಕೆ ಹೋಗ್ಬೇಡಿ, ಎತ್ತಿ." ತಗಡು ದಾಟಿದ ಮೇಲೆ ಉಳಿಯುವ ರನ್‌ವೇ ವಿಮಾನ ನಿಲ್ಲಲು ಸಾಲದು. ಅದು ಮುಗಿದಲ್ಲಿ ಜಾಲಿಗಿಡ, ಜಾಲಿಗಿಡದ ಹಿಂದೆ ಕಲ್ಲಿನ ಗೋಡೆ. ನಿಯಮ ಸರಿಯಾದದ್ದೇ. ಹೇಳಿದ ಮೇಲೆ ಮಸ್ಕರೇನ್ಹಸ್ ಅದೇ ತಗಡಿನ ಕೆಳಗೆ ಬಂದು ಕೂರುತ್ತಿದ್ದರು. ಯಾರಾದರೂ ನಿಯಮ ಪಾಲಿಸಿದರೆ ಅವನ ದಂಡದ ಮಿರ್ಚಿಯನ್ನು ಅವರೂ ತಿನ್ನುತ್ತಿದ್ದರು. ಇದರಲ್ಲಿ ಏನಾದರೂ ವಿಚಿತ್ರವಿದೆ ಎಂದು ಅವರಿಗೆ ಅನ್ನಿಸಿರಲಿಲ್ಲ. ಅನ್ನಿಸುವ ವಯಸ್ಸನ್ನು ಅವರು ದಾಟಿದ್ದರು.

ಪದ್ಮರಾಜ ಉಪಾಧ್ಯೆ ಒಮ್ಮೆಯೂ ದಂಡ ಕೊಟ್ಟವನಲ್ಲ.

ಬೆಳಗಾವಿ ಕಡೆಯ ಹುಡುಗ. ಹವಾಮಾನದ ಪರೀಕ್ಷೆಯಲ್ಲಿ ಶಾಲೆಗೇ ಮೊದಲು. ಅವನ ಕೈ ಒಳ್ಳೆಯದಿತ್ತು, ಅದು ಅವನಿಗೂ ಗೊತ್ತಿತ್ತು. ತಗಡು ದಾಟಿದ ಮೇಲೂ ಒಂದೆರಡು ಸಲ ಹೇಗೋ ಇಳಿಸಿದ್ದ. ಆಗ ಬೆಂಚು ಶಿಳ್ಳೆ ಹೊಡೆದಿತ್ತು.

"ಏನಪಾ ಜಿಪುಣ, ಇವತ್ತರ ಮಿರ್ಚಿ ತಿನಸ್ತೀಯೇನು?" ಎಂದು ಶಿವಕ್ಕ ಕೇಳುತ್ತಿದ್ದಳು.

"ನನ್ನ ಕೈಯಿಂದ ನಿನಗ ಈ ಜನ್ಮದಾಗ ಯಾಪಾರ ಆಗೂದಿಲ್ಲ ಬಿಡು ಯಕ್ಕಾ," ಎನ್ನುತ್ತಿದ್ದ ಅವನು. "ಆ ಮಿರ್ಚಿ ಮೇಡಂನ ಕೇಳು."

ಮಿರ್ಚಿ ಮೇಡಂ ಎಂದರೆ ಸುಮೈಯಾ. ವಿಜಯಪುರದವಳು. ವಿಮಾನ ಸ್ವಲ್ಪ ಎತ್ತರವಾಯಿತು ಅನ್ನಿಸಿದರೆ ಎತ್ತುತ್ತಿದ್ದಳು, ಸ್ವಲ್ಪ ವೇಗವಾಯಿತು ಅನ್ನಿಸಿದರೂ ಎತ್ತುತ್ತಿದ್ದಳು. ಶಾಲೆಯಲ್ಲಿ ಅವಳಷ್ಟು ಮಿರ್ಚಿ ತಿನ್ನಿಸಿದವರಿರಲಿಲ್ಲ. ಇಳಿದು ಬಂದು, "ತಿನ್ನರಿ, ನನ್ನ ಪುಣ್ಯಾಲೆ ನಿಮ್ಮ ಹೊಟ್ಟಿ ತುಂಬ್ಲಿ," ಎಂದು ತಾನೂ ಒಂದು ತಿನ್ನುತ್ತಿದ್ದಳು. ಇಂಥವಳು ಪ್ರಯಾಣಿಕರ ವಿಮಾನ ಹಾರಿಸಿದರೆ ಊರು ಮುಟ್ಟಿದ ಹಾಗೇ ಎಂದು ಪದ್ಮರಾಜ ನಗುತ್ತಿದ್ದ. ಅವನ ಜೊತೆ ಎಲ್ಲರೂ ನಗುತ್ತಿದ್ದರು.

ಆ ವರ್ಷ ಒಂದು ವಿಮಾನ ಕಂಪನಿ ಹೊಸ ಪೈಲಟ್‌ಗಳನ್ನು ಕರೆಯಿತು. ಹಲವು ವರ್ಷಗಳ ಮೇಲೆ ಬಂದ ಕರೆ. ಲೈಸೆನ್ಸ್ ಕೈಯಲ್ಲಿದ್ದವರು ಮಾತ್ರ ಬರಬೇಕು. ಪದ್ಮರಾಜನಿಗೂ ಸುಮೈಯಾಳಿಗೂ ಉಳಿದಿದ್ದು ಹಾರಾಟದ ಪರೀಕ್ಷೆ ಒಂದೇ. ಈ ಸಲ ತಪ್ಪಿದರೆ ಮುಂದಿನ ಕರೆ ಯಾವಾಗ ಬರುತ್ತದೋ, ಅಷ್ಟರಲ್ಲಿ ಪಾಸಾದ ಪರೀಕ್ಷೆಗಳ ಅವಧಿ ಮುಗಿದು ಮತ್ತೆ ಬರೆಯಬೇಕಾಗುತ್ತದೋ, ಯಾರಿಗೂ ಗೊತ್ತಿರಲಿಲ್ಲ. ಪದ್ಮರಾಜ ಆ ವಾರ ಸರಿಯಾಗಿ ಊಟ ಮಾಡಲಿಲ್ಲ.

ಕ್ಯಾಪ್ಟನ್ ಅರಸ್ ಬಂದರು. ಮೊದಲು ಸುಮೈಯಾಳನ್ನು ಕರೆದುಕೊಂಡು ಹೋದರು.

ಬಿಸಿಲು ಆಗಲೇ ಏರಿತ್ತು. ಕಾದ ನೆಲದಿಂದ ಏಳುವ ಗಾಳಿ ಸಣ್ಣ ವಿಮಾನವನ್ನು ಕೆಳಗಿಳಿಯಲು ಬಿಡುವುದಿಲ್ಲ, ಎತ್ತಿ ಹಿಡಿಯುತ್ತದೆ. ಸುಮೈಯಾ ಇಳಿಯಲು ಬಂದಳು. ತಗಡಿನ ಹತ್ತಿರ ಬಂದರೂ ಗಾಲಿ ನೆಲಕ್ಕೆ ಸಿಗಲಿಲ್ಲ. ಎಂಜಿನ್ ಗುಡುಗಿತು, ವಿಮಾನ ಮೇಲಕ್ಕೆ ಹೋಯಿತು.

"ಎಣ್ಣಿ ಇಡು ಯಕ್ಕಾ!"

"ಪರೀಕ್ಷಾದಾಗೂ ಎತ್ತಿದಳಲ್ಲೋ! ಮುಗೀತು ಇಕಿ ಕತಿ," ಎಂದ ಒಬ್ಬ.

ಮುಗಿಯಿತು ಎಂದು ಪದ್ಮರಾಜನಿಗೂ ಅನ್ನಿಸಿತ್ತು. ಪಾಪ ಎಂದೂ ಅನ್ನಿಸಿತು. ಆಮೇಲೆ, ತಾನು ಮಾತ್ರ ಒಂದೇ ಸಲಕ್ಕೆ ಇಳಿಸಬೇಕು ಎಂದು ಅನ್ನಿಸಿತು. ಹವಾಮಾನದಲ್ಲಿ ಮೊದಲು ಬಂದವನು ಗಾಳಿ ನೋಡಬೇಕಾದ ಹೊತ್ತಿನಲ್ಲಿ ಬೆಂಚು ನೋಡುತ್ತಿದ್ದ.

ಸುಮೈಯಾ ಸುತ್ತು ಹಾಕಿ ಬಂದು ಇಳಿಸಿದಳು. ಅರಸ್ ಕೆಳಗಿಳಿಯದೆ, ಕಿಟಕಿಯಿಂದಲೇ ಪದ್ಮರಾಜನಿಗೆ ಬಾ ಎಂದು ಕೈ ಮಾಡಿದರು. ದಾಟಿ ಹೋಗುವಾಗ ಅವಳು, "ಬಿಸಿ ಭಾಳ ಐತಿ ಪದ್ಮಾ, ನೆಲ ಇಳಿಯಾಕ ಬಿಡವಲ್ದು," ಎಂದಳು. ಸೋತವರ ಉಪದೇಶ ಎಂದುಕೊಂಡು ಅವನು ತಲೆಯಾಡಿಸಿದ.

ಅವನ ಪರೀಕ್ಷೆ ಚೆನ್ನಾಗಿಯೇ ನಡೆಯಿತು. ತಿರುವು ಸರಿ, ಎತ್ತರ ಸರಿ, ಎಂಜಿನ್ ಕೆಟ್ಟರೆ ಎಲ್ಲಿ ಇಳಿಸುತ್ತೀಯ ಎಂದು ಕೇಳಿದಾಗ ತೋರಿಸಿದ ಹೊಲವೂ ಸರಿ. ಉಳಿದದ್ದು ಇಳಿಯುವುದೊಂದೇ.

ರನ್‌ವೇ ಎದುರಿಗೆ ಬಂದಾಗ ವಿಮಾನ ಎತ್ತರವಾಗಿತ್ತು. ಪದ್ಮರಾಜ ಅದರ ಮೂತಿ ತಗ್ಗಿಸಿದ. ಎತ್ತರ ಇಳಿಯಿತು, ವೇಗ ಏರಿತು. ಏರಿದ ವೇಗಕ್ಕೆ ಕಾದ ನೆಲ ಸೇರಿಕೊಂಡಿತು. ವಿಮಾನ ನೆಲದ ಮೇಲೆ ಆಳೆತ್ತರದಲ್ಲಿ ತೇಲುತ್ತಾ ಹೋಯಿತು, ಕೂರಲೊಲ್ಲದು. ಎಡಗಡೆ ಕ್ಯಾಂಟೀನಿನ ತಗಡು ಕಾಣಿಸಿತು. ತಗಡಿನ ಕೆಳಗೆ ಎಲ್ಲರೂ ನಿಂತಿದ್ದರು. ಒಬ್ಬ ಆಗಲೇ ಬಾಯಿಗೆ ಎರಡೂ ಕೈ ಅಡ್ಡ ಹಿಡಿದಿದ್ದ.

ಎತ್ತಬೇಕು ಎಂದು ಅವನಿಗೆ ಗೊತ್ತಿತ್ತು. ಇದನ್ನು ಒತ್ತಿ ಹೇಳಬೇಕು. ಗೊತ್ತಿಲ್ಲದೆ ಮಾಡಿದ್ದಲ್ಲ. ಕೈ ಎಂಜಿನ್ನಿನ ಬಲ ಏರಿಸುವ ಥ್ರಾಟಲ್ ಮೇಲೆಯೇ ಇತ್ತು. ಮುಂದಕ್ಕೆ ನೂಕಿದರೆ ಸಾಕಿತ್ತು. ನೂಕಲಿಲ್ಲ.

"ತಗಡು ದಾಟ್ತು," ಎಂದರು ಅರಸ್.

"ಇಳಿತದ ಸರ್."

"ತಗಡು ದಾಟ್ತು ಕಣಪ್ಪ."

"ಇಳಿಸ್ತೀನಿ ಸರ್."

ಜಾಲಿಗಿಡಗಳು ಒಂದೊಂದಾಗಿ ಕಾಣುವಷ್ಟು ಹತ್ತಿರವಾದವು. ಅರಸ್, "ಬಿಡು," ಎಂದು ತಮ್ಮ ಕಡೆಯ ಹಿಡಿಕೆ ಹಿಡಿದು, ಥ್ರಾಟಲ್ ಪೂರಾ ನೂಕಿದರು. ವಿಮಾನ ಗೋಡೆಯ ಮೇಲಿಂದ ದಾಟಿತು. ಗೋಡೆಯ ಮೇಲೆ ಕೂತಿದ್ದ ಕಾಗೆಗಳು ಹಾರಿದವು. ಕೆಳಗಿನಿಂದ ಬಂದ ಕೂಗು ಎಂಜಿನ್ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಏನು ಕೂಗಿರುತ್ತಾರೆಂದು ಪದ್ಮರಾಜನಿಗೆ ಗೊತ್ತಿತ್ತು.

ಅರಸ್ ಒಂದು ಸುತ್ತು ಹಾಕಿ ತಾವೇ ಇಳಿಸಿದರು. ತಗಡಿಗಿಂತ ಬಹಳ ಮುಂಚೆಯೇ ಗಾಲಿ ನೆಲ ಮುಟ್ಟಿತು. ಎಂಜಿನ್ ನಿಲ್ಲಿಸಿ, ಕನ್ನಡಕ ತೆಗೆದು, ಅಂಗಿಯ ಚುಂಗಿನಿಂದ ಒರೆಸುತ್ತಾ ಕೇಳಿದರು:

"ಯಾಕಪ್ಪ ಎತ್ತಲಿಲ್ಲ?"

"ಇಳೀತಿತ್ತು ಸರ್."

"ಇಳೀತಿತ್ತು. ಅದು ನಂಗೂ ಗೊತ್ತು. ನಿಲ್ತಾ ಇದ್ದದ್ದು ಎಲ್ಲಿ?"

ಪದ್ಮರಾಜ ಗೋಡೆಯ ಕಡೆ ನೋಡಿದ. ಕಾಗೆಗಳು ತಿರುಗಿ ಬಂದು ಕೂತಿದ್ದವು.

"ಫೇಲು," ಎಂದರು ಅರಸ್. ಗಟ್ಟಿಯಾಗಿ ಹೇಳಲಿಲ್ಲ. ಇಂಥದ್ದನ್ನು ಹೇಳಿ ಹೇಳಿ ಸಾಕಾದವರ ದನಿ ಅದು.

"ಹಂಗಾರ ಸುಮೈಯಾನೂ..."

"ಅವಳು ಪಾಸು."

"ಅಕಿ ಎತ್ತಿದಳಲ್ಲ ಸರ್, ಪರೀಕ್ಷಾದಾಗ?"

"ಅದಕ್ಕೇ."

ಇಬ್ಬರೂ ನಡೆದು ಬಂದರು. ದಾರಿ ಸ್ವಲ್ಪವೇ ಇದ್ದರೂ ಪದ್ಮರಾಜನಿಗೆ ಉದ್ದವಾಗಿತ್ತು. ಕಂಪನಿಯ ಕರೆ ಹೋಯಿತು. ಇನ್ನು ಮತ್ತೆ ವಿಮಾನಕ್ಕೆ ಕಾಯಬೇಕು, ಗಾಳಿಗೆ ಕಾಯಬೇಕು, ಪರೀಕ್ಷಕರಿಗೆ ಕಾಯಬೇಕು. ಇಷ್ಟನ್ನು ಅವನು ಕೊಟ್ಟದ್ದು ಒಂದು ತಟ್ಟೆ ಮಿರ್ಚಿ ಉಳಿಸಿಕೊಳ್ಳಲು. ಲೆಕ್ಕ ಹಾಕಲು ದೊಡ್ಡ ಬುದ್ಧಿ ಬೇಕಿರಲಿಲ್ಲ. ಆದರೆ ಹಾಕುವ ಹೊತ್ತಿನಲ್ಲಿ ಅವನು ಹಾಕಿರಲಿಲ್ಲ.

ಕ್ಯಾಂಟೀನ್ ಮುಟ್ಟುವಷ್ಟರಲ್ಲಿ ಬಾಣಲೆಯಲ್ಲಿ ಎಣ್ಣೆ ಕಾದು ಹೊಗೆಯಾಡುತ್ತಿತ್ತು. ಸುಮೈಯಾಳ ದಂಡದ ಮಿರ್ಚಿ ಆಗಲೇ ಮುಗಿದಿತ್ತು. ಅವಳು ಬೆಂಚಿನ ತುದಿಯಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು. ತಾನು ಪಾಸಾದದ್ದು ಅವಳಿಗೆ ಇನ್ನೂ ತಿಳಿದಿರಲಿಲ್ಲ. ಉಳಿದವರೆಲ್ಲ ಹಬ್ಬ ಬಂದ ಹಾಗೆ ಎದ್ದು ನಿಂತರು.

"ಬಂದಾ ನೋಡ್ರಿ ಸಾವ್ಕಾರ! ಕಡೀಕೂ ಎತ್ತಿದ್ಯಲ್ಲೋ!"

"ಯಕ್ಕಾ, ದೊಡ್ಡ ದೊಡ್ಡ ಮೆಣಸಿನಕಾಯಿ ಆರಸು. ಜಿಪುಣನ ಮಿರ್ಚಿ ಮತ್ತ ಸಿಗೂದಿಲ್ಲ!"

"ಈ ಜನ್ಮದಾಗ ಇಲ್ಲಂದಿದ್ದಿ," ಎಂದಳು ಶಿವಕ್ಕ ಹಿಟ್ಟು ಕಲಸುತ್ತಾ. "ಜನ್ಮ ಲಗೂನ ಮುಗೀತಲ್ಲಪಾ!"

ಎಲ್ಲರೂ ನಕ್ಕರು. ಮಸ್ಕರೇನ್ಹಸ್ ಕೂಡ ಚಹಾದ ಲೋಟ ಹಿಡಿದು ನಕ್ಕರು.

ಪದ್ಮರಾಜ ಸುಮ್ಮನಿದ್ದರೆ ಆಗುತ್ತಿತ್ತು. ಕೆಳಗಿದ್ದವರಿಗೆ ಕಂಡದ್ದು ವಿಮಾನ ಮೇಲೇರಿದ್ದು ಮಾತ್ರ. ಏರಿಸಿದ ಕೈ ಯಾರದೆಂದು ಕಂಡಿರಲಿಲ್ಲ. ಬೆಳಿಗ್ಗೆಯಷ್ಟೇ ಅವನು ಅಂಜುತ್ತಿದ್ದ ಅವಮಾನ ಈಗ ಅವನ ಮಾನ ಉಳಿಸಲು ತಾನಾಗಿ ಬಂದು ನಿಂತಿತ್ತು. ಎತ್ತಿದವನು ನಾನೇ ಎಂದು ಮಿರ್ಚಿ ತಿನ್ನಿಸಿ ಮುಗಿಸಬಹುದಿತ್ತು. ಅವನು ಬೆಂಚಿನ ತುದಿಯಲ್ಲಿದ್ದ ಸುಮೈಯಾಳನ್ನು ನೋಡಿದ.

"ನಾ ಎತ್ತಲಿಲ್ಲ," ಎಂದ.

"ಏ, ಸುಳ್ಳು ಹೇಳಬ್ಯಾಡಲೇ, ಎಲ್ಲಾರೂ ನೋಡೇವಿ!"

"ನಾ ಎತ್ತಲಿಲ್ಲೋ. ನಾ ಎತ್ತಿದ್ರ ಪಾಸಾಗ್ತಿದ್ದೆ. ಅಕಿ ಎತ್ತಿದಳು, ಅಕಿ ಪಾಸು."

ಎದ್ದು ನಿಂತಿದ್ದ ಬೆಂಚು ಮತ್ತೆ ಕೂತಿತು. ಸುಮೈಯಾ ತಲೆ ಎತ್ತಿದಳು, ಆದರೆ ಆ ಹೊತ್ತಿನಲ್ಲಿ ನಗುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಮಸ್ಕರೇನ್ಹಸ್ ಲೋಟದೊಳಗೆ ನೋಡುತ್ತಾ ಉಳಿದರು. ಅಲ್ಲಿ ಚಹಾ ಮುಗಿದು ಬಹಳ ಹೊತ್ತಾಗಿತ್ತು.

ಶಿವಕ್ಕನಿಗೆ ಪಾಸು ಫೇಲಿನ ಗೊಡವೆ ಇರಲಿಲ್ಲ. ಹಿಟ್ಟು ಕಲಸಿಯಾಗಿತ್ತು, ಎಣ್ಣೆ ಕಾದಿತ್ತು. ಸೌಟು ಸೊಂಟಕ್ಕೆ ಒತ್ತಿಕೊಂಡು ಕೇಳಿದಳು:

"ಹಂಗಾರ ಎತ್ತಿದವರು ಯಾರಪಾ?"

ಪದ್ಮರಾಜ ಮೆಲ್ಲಗೆ ತಿರುಗಿ ತನ್ನ ಜೊತೆ ನಡೆದು ಬಂದು ಹಿಂದೆ ನಿಂತವರನ್ನು ನೋಡಿದ.

ನೀತಿ: ಕೆಟ್ಟ ಕೆಲಸವನ್ನು ಅರ್ಧಕ್ಕೆ ಬಿಟ್ಟು ಮತ್ತೆ ಮೊದಲಿನಿಂದ ಮಾಡುವುದು ಸೋಲಲ್ಲ, ಅದೂ ಕೆಲಸದ ಭಾಗವೇ. ಹಿಂದೆ ಸರಿದವನಿಗೆ ದಂಡ ಹಾಕಿ ನಗುವ ಜಾಗದಲ್ಲಿ, ತಪ್ಪೆಂದು ತಿಳಿದೂ ಮುಂದಕ್ಕೆ ನುಗ್ಗುವವರೇ ತಯಾರಾಗುತ್ತಾರೆ. ಅವರು ಗೋಡೆಗೆ ಬಡಿದ ದಿನ ನಕ್ಕವರು ಯಾರೂ ಪಾಲು ಕೇಳಲು ಬರುವುದಿಲ್ಲ. ಇದನ್ನು ಓದಿ ಯಾವ ಕ್ಯಾಂಟೀನೂ ತನ್ನ ಪದ್ಧತಿ ಬಿಡುವುದಿಲ್ಲ. ಆ ಶಾಲೆಯೂ ಬಿಟ್ಟಿಲ್ಲ. ಆದರೂ ನಡೆದದ್ದು ಇಷ್ಟು: ಅಂದಿನ ಮಿರ್ಚಿ ತಿನ್ನಿಸಿದವರು ಕ್ಯಾಪ್ಟನ್ ಅರಸ್.