ಬಾಳವ್ವನನ್ನು ಮರ ಹತ್ತಿಸಿದ ನರ

ಹೋಳಿಗೆ ಊಟ ಮುಗಿಸಿ ಹೊಲದ ದಾರಿ ಹಿಡಿದಿದ್ದ ಅರವತ್ತರ ಬಾಳವ್ವನ ಮೇಲೆ ಗೂಳಿಯೊಂದು ನುಗ್ಗಿ ಬಂತು. ಅವಳು ಯೋಚಿಸುವ ಮೊದಲೇ ಒಳಗಿದ್ದ ಎಚ್ಚರದ ನರ ಗುಂಡಿಗೆಗೆ "ಓಡು!" ಎಂದಿತು, ಹೊಟ್ಟೆಗೆ "ನಿಲ್ಲು!" ಎಂದಿತು. ರಕ್ತವೆಲ್ಲ ಕೈಕಾಲಿಗೆ ಹರಿಯಿತು. ಬಾಳವ್ವ ಬೇವಿನ ಮರ ಹತ್ತಿ ಕುಳಿತಳು. ಗೂಳಿ ಬೇಸತ್ತು ಹೊರಟುಹೋಯಿತು.

ಆದರೂ ಗುಂಡಿಗೆ ಹೊಡೆದುಕೊಳ್ಳುತ್ತಲೇ ಇತ್ತು. ಆಗ ವಿಶ್ರಾಂತಿಯ ನರ ಬಂದು, "ಅಣ್ಣಾ, ಇನ್ನು ನನಗೆ ಬಿಡು" ಎಂದಿತು.

"ಪ್ರಾಣ ಉಳಿಸಿದವನು ನಾನು. ಇನ್ನು ಮುಂದೆ ಆಳುವವನೂ ನಾನೇ" ಎಂದಿತು ಎಚ್ಚರದ ನರ.

"ಗೂಳಿಯಿಂದ ನೀನೇ ಉಳಿಸಿದೆ, ನಿಜ. ಆದರೆ ಹೀಗೇ ಬಡಿದುಕೊಂಡರೆ ಗುಂಡಿಗೆ ಎಷ್ಟು ದಿನ ತಡೆದೀತು?"

"ನನಗೂ ಸಾಕಾಗಿದೆ" ಎಂದಿತು ಗುಂಡಿಗೆ.

"ಹೋಳಿಗೆ ಹಾಗೇ ಕೂತಿದೆ" ಎಂದಿತು ಹೊಟ್ಟೆ.

ಎಚ್ಚರದ ನರ ನಾಚಿ ನಕ್ಕು ಹಿಂದೆ ಸರಿಯಿತು. ಗುಂಡಿಗೆ ನಿಧಾನವಾಯಿತು, ಒಣಗಿದ ಬಾಯಿಗೆ ನೀರು ಬಂತು, ಹೊಟ್ಟೆ ಗುರುಗುಟ್ಟುತ್ತ ಕೆಲಸ ಹಿಡಿಯಿತು. ಆಗ ಬಾಳವ್ವ ಕೆಳಗೆ ನೋಡಿದಳು. ನೆಲ ಎರಡಾಳಿನಷ್ಟು ಕೆಳಗಿತ್ತು. ಅವಳಿಗೆ ತಡೆಯಲಾರದ ನಗು ಬಂತು.

"ಏ ನೀಲವ್ವಾ," ಎಂದು ಪಕ್ಕದ ಹೊಲದವಳನ್ನು ಕೂಗಿದಳು, "ಲಗೂನ ನಿಚ್ಚಣಿಕಿ ತಗೊಂಡು ಬಾರವ್ವಾ! ಹತ್ತಿದಾಕಿ ಯಾರೋ ಏನೋ, ಇಳಿಯಾಕ ನನಗ ಬರೂದಿಲ್ಲ!"